ಕೆಂಪು ಕಾರು, ಆರು ತೂಕದ ಕಲ್ಲು

ಕಾರಿನ ಪಕ್ಕದ ಸೀಟಿನಲ್ಲಿ ಮಾವ ಕೂರಬೇಕೋ ತೂಕದ ಕಲ್ಲು ಕೂರಬೇಕೋ ಎಂಬ ಮಾತು ಬಂದಾಗ ಮಾವನೇ ಇಳಿದ. ಇಳಿದ ಎಂದು ಹೇಳುವುದು ಸುಲಭ. ಆ ಕಾರಿನೊಳಗೆ ಹೋಗುವುದೆಂದರೆ ಬಾವಿಗೆ ಇಳಿದಂತೆ, ಹೊರಗೆ ಬರುವುದೆಂದರೆ ಅದೇ ಬಾವಿಯಿಂದ ಹಗ್ಗವಿಲ್ಲದೆ ಮೇಲೆ ಬಂದಂತೆ. ಅಳಿಯ ಒಂದು ಕೈ ಹಿಡಿದ, ಮಗಳು ಇನ್ನೊಂದು ಕೈ ಹಿಡಿದಳು. ಮುದುಕ ಮೊದಲು ಒಂದು ಮೊಣಕಾಲು, ಆಮೇಲೆ ಇನ್ನೊಂದು, ಕೊನೆಗೆ ಸೊಂಟ, ಹೀಗೆ ತನ್ನನ್ನು ತಾನು ಕಂತಿನ ಮೇಲೆ ಹೊರಗೆ ತಂದುಕೊಂಡ.

"ಅಪ್ಪ, ನೀನು ಬಸ್ಸಲ್ಲಿ ಬಾ," ಅಂದಳು ಮಗಳು. "ಕಲ್ಲನ್ನ ಬಸ್ಸಿಗೆ ಹತ್ತಿಸ್ಕೊಳಲ್ಲ."

"ನಿಜ ಕಣಮ್ಮ. ನನ್ನನ್ನಾದ್ರೆ ಹತ್ತಿಸ್ಕೊತಾರೆ, ಇನ್ನೂ."

ಅವನನ್ನು ಎಲ್ಲರೂ ತಕ್ಕಡಿ ಅಜ್ಜ ಎಂದೇ ಕರೆಯುತ್ತಿದ್ದರು. ಅಂಗಡಿಯ ತಕ್ಕಡಿಯಿಂದ ಹಿಡಿದು ಲಾರಿಯನ್ನೇ ಹತ್ತಿಸಿ ತೂಗುವ ವೇಬ್ರಿಡ್ಜ್‌ವರೆಗೆ, ತೂಗುವ ಯಂತ್ರ ಯಾವುದೇ ಇರಲಿ, ರಿಪೇರಿ ಮಾಡಿ, ತೂಕ ಸರಿ ಇದೆ ಎಂದು ಮುದ್ರೆ ಒತ್ತುವುದು ಅವನ ಕಸುಬು. ಕಾಗದದ ಮೇಲೆ ಒತ್ತುವ ಮುದ್ರೆಯಲ್ಲ ಅದು. ಯಂತ್ರದ ಅಂಕಿ ತಿದ್ದುವ ತಿರುಪು ಒಂದು ಡಬ್ಬಿಯೊಳಗಿರುತ್ತದೆ. ಆ ಡಬ್ಬಿಗೆ ತಂತಿ ಕಟ್ಟಿ, ತಂತಿಯ ತುದಿಗೆ ಸೀಸದ ಗುಂಡು ಪೋಣಿಸಿ, ಗುಂಡನ್ನು ಇಕ್ಕಳದಿಂದ ಒತ್ತಬೇಕು. ಇಕ್ಕಳದ ಬಾಯಲ್ಲಿ ಅವನ ಗುರುತು ಕೆತ್ತಿತ್ತು. ಮನೆಯಲ್ಲಿ ಇನ್ನೇನನ್ನು ಯಾರು ಮುಟ್ಟಿದರೂ ಅವನು ಮಾತಾಡುತ್ತಿರಲಿಲ್ಲ, ಆ ಇಕ್ಕಳ ಮಾತ್ರ ಅವನ ಅಂಗಿಯ ಒಳಜೇಬು ಬಿಟ್ಟು ಎಲ್ಲೂ ಹೋಗುತ್ತಿರಲಿಲ್ಲ. ನಲವತ್ತೊಂದು ವರ್ಷದಲ್ಲಿ ಆ ಗುರುತು ಬಿದ್ದ ಯಂತ್ರದ ಮೇಲೆ ಒಬ್ಬನೂ ತಕರಾರು ತೆಗೆದಿರಲಿಲ್ಲ. ಅಜ್ಜನಿಗೆ ಅಕ್ಷರ ಅಷ್ಟಕ್ಕಷ್ಟೆ, ಅಂಕಿ ಮಾತ್ರ ಚೆನ್ನಾಗಿ ಬರುತ್ತಿತ್ತು. ತನ್ನದು ಎಂದು ಹೇಳಿಕೊಳ್ಳಲು ಅವನಿಗಿದ್ದದ್ದು ಆ ಗುರುತು ಒಂದೇ.

ಹೋದ ತಿಂಗಳವರೆಗೆ ಮನೆ ಮುಂದೆ ಒಂದು ವ್ಯಾನು ನಿಂತಿರುತ್ತಿತ್ತು. ಎಮ್ಮೆಯ ಬಣ್ಣ, ಎಮ್ಮೆಯ ನಡಿಗೆ. ಅದರ ಹೊಟ್ಟೆಯೊಳಗೆ ಇಪ್ಪತ್ತು ಕಿಲೋದ ಕಬ್ಬಿಣದ ತೂಕದ ಕಲ್ಲು ಐವತ್ತು, ಒಂದು ಏಣಿ, ಬುತ್ತಿ, ನೀರಿನ ಕ್ಯಾನು, ಸೊಂಟ ಸೋತರೆ ಉರುಳಿಕೊಳ್ಳಲು ಒಂದು ಚಾಪೆ. ಹೊರಟರೆ ಮೂರು ದಿನದ ಸುತ್ತು. ಅಳಿಯ ಅದನ್ನು ಕೊಟ್ಟು ಈ ಕೆಂಪು ಕಾರು ತಂದಿದ್ದ. ಎರಡೇ ಬಾಗಿಲು, ಎರಡೇ ಸೀಟು, ಮೂಗು ಮಾತ್ರ ಪಕ್ಕದ ಮನೆಯವರೆಗೆ.

"ಡಬ್ಬಾ ವ್ಯಾನಲ್ಲಿ ಹೋದ್ರೆ ಡಬ್ಬಾ ಮರ್ಯಾದೆ ಮಾವ. ಗಿರಾಕಿ ಮೊದಲು ನೋಡೋದು ನಾವು ಯಾವುದ್ರಲ್ಲಿ ಬಂದಿಳಿದ್ವಿ ಅಂತ," ಅಂದಿದ್ದ.

"ನಾನು ಇಳಿಯೋದನ್ನ ನೋಡ್ಲಿಕ್ಕೆ ಅವರು ಅರ್ಧ ದಿನ ರಜ ಹಾಕ್ಬೇಕು," ಅಂದಿದ್ದ ಅಜ್ಜ.

ಚೆಂದ ಇಲ್ಲ ಎಂದರೆ ಸುಳ್ಳಾಗುತ್ತಿತ್ತು. ಮೂಗಿನಿಂದ ಬೆನ್ನಿನವರೆಗೆ ಒಂದೇ ಗೆರೆ, ಒಳ್ಳೆಯ ತಕ್ಕಡಿಯ ದಂಡದ ಹಾಗೆ, ಎಲ್ಲೂ ಕೈ ನಡುಗಿರಲಿಲ್ಲ. ಅದನ್ನು ಬರೆದವನು ಕೆಲಸ ಬಲ್ಲವನೇ. ಆದರೆ ಮನುಷ್ಯನಿಗೆ ಮೊಣಕಾಲು ಇರುತ್ತದೆ, ಕೈಯಲ್ಲೊಂದು ಚೀಲ ಇರುತ್ತದೆ, ಮನೆಯಲ್ಲಿ ಮೂರನೆಯವನೊಬ್ಬ ಇರುತ್ತಾನೆ ಎಂದು ಆ ಪುಣ್ಯಾತ್ಮನಿಗೆ ಯಾರೂ ಹೇಳಿದಂತಿರಲಿಲ್ಲ. ಡಿಕ್ಕಿಯಲ್ಲಿ ನಾಲ್ಕು ಕಲ್ಲು ಇಡುವಷ್ಟರಲ್ಲೇ ಹಿಂಭಾಗ ಕುಸಿದು ಕುಳಿತಿತು. ಐದನೆಯದಕ್ಕೆ ಹೊಟ್ಟೆ ನೆಲ ಮುಟ್ಟಿತು. ಕಾಲಿನ ಹತ್ತಿರ ಇಡೋಣ ಎಂದರೆ ಅಲ್ಲಿ ಕಾಲಿಗೇ ಜಾಗವಿಲ್ಲ. ಕೊನೆಗೆ ಎರಡು ಕಲ್ಲು ಸೀಟಿನ ಮೇಲೆ ಕುಳಿತವು. ಕಾರು ಕುಂಯ್ ಕುಂಯ್ ಎಂದು ಅಳತೊಡಗಿತು. ಸೀಟಿನಲ್ಲಿ ಯಾರೋ ಬೆಲ್ಟ್ ಹಾಕದೆ ಕುಳಿತಿದ್ದಾರೆ ಎಂಬುದು ಅದರ ದೂರು. ಅಳಿಯ ಎರಡು ಕಲ್ಲಿಗೂ ಸೇರಿಸಿ ಬೆಲ್ಟ್ ಬಿಗಿದ.

"ಜೋಪಾನಪ್ಪ," ಅಂದ ಅಜ್ಜ. "ಕಿಟಕಿ ಕಡೆಯವನಿಗೆ ಗಾಳಿ ಹೊಡೆದೀತು."

"ತಮಾಷೆ ಸಾಕು ಮಾವ."

"ಸರಿ, ತಮಾಷೆ ಬೇಡ. ಆರೇ ಕಲ್ಲು. ನೂರಾ ಇಪ್ಪತ್ತು ಕಿಲೋ ಇಟ್ಟು ಐದು ಟನ್ನಿನ ವೇಬ್ರಿಡ್ಜ್ ಹೇಗೆ ಪರೀಕ್ಷೆ ಮಾಡ್ತೀಯ?"

"ಅದಕ್ಕೊಂದು ಐಡಿಯಾ ಇದೆ. ನೀವು ಬರೋಷ್ಟರಲ್ಲಿ ಎಲ್ಲ ಮುಗಿದಿರುತ್ತೆ. ಬಂದು ಮುದ್ರೆ ಒತ್ತಿದ್ರೆ ಸಾಕು."

ಕಾರು ಗುಡುಗಿತು. ನೂರು ಹೆಜ್ಜೆ ದೂರದ ರಸ್ತೆ ಉಬ್ಬಿನ ಹತ್ತಿರ ಗುಡುಗು ನಿಂತಿತು. ಆ ಉಬ್ಬನ್ನು ಅದು ತುಂಬು ಬಸುರಿಯ ಹಾಗೆ ಓರೆಯಾಗಿ, ಉಸಿರು ಹಿಡಿದು ದಾಟಿತು. ಅಜ್ಜ ಬಸ್ ನಿಲ್ದಾಣದ ಕಡೆ ನಡೆದ.

ಅಂದು ಮೂರು ಊರಿನ ಕೆಲಸವಿತ್ತು, ಮೊದಲನೆಯದು ಒಂದು ಗುಜರಿ ಅಂಗಡಿ. ತುಕ್ಕು ಹಿಡಿದ ಸರಳು, ಒಡೆದ ನಲ್ಲಿ, ಹಳೆಯ ತಂತಿ, ಏನು ತಂದರೂ ತೂಕಕ್ಕೆ ಕೊಂಡುಕೊಳ್ಳುವ ದೊಡ್ಡ ಅಂಗಳ. ಎರಡು ಬಸ್ಸು ಬದಲಾಯಿಸಿ ಅಜ್ಜ ಅಲ್ಲಿ ಇಳಿದಾಗ ಬಿಸಿಲು ಏರಿತ್ತು. ಬಾಗಿಲಲ್ಲೇ ಒಬ್ಬ ಲಾರಿ ಡ್ರೈವರ್ ಬಾನೆಟ್ ಮೇಲೆ ಕೂತು ನಗುತ್ತಿದ್ದ.

"ಅಜ್ಜ, ಆ ಕೆಂಪು ಚಪ್ಪಲಿ ನಿಮ್ಮದಾ?"

"ಅಳಿಯಂದು. ಏನಾಯ್ತು?"

"ಏನಿಲ್ಲ. ವೇಬ್ರಿಡ್ಜ್ ಹತ್ತೋವಾಗ ಅಂಚಿಗೆ ಗದ್ದ ಕೊಟ್ಟು ನಿಂತುಬಿಡ್ತು. ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ. ನಾಲ್ಕು ಜನ ಸೇರಿ ಹಲಗೆ ಕೊಟ್ಟು ಹತ್ತಿಸಿದ್ವಿ. ಎಮ್ಮೆ ಕರು ಹಾಕೋವಾಗಲೂ ಅಷ್ಟು ಜನ ಬೇಕಾಗಲ್ಲ."

ವೇಬ್ರಿಡ್ಜ್ ಏಕೆ ಹತ್ತಬೇಕಿತ್ತು ಎಂದು ಅಜ್ಜನಿಗೆ ಅರ್ಥವಾಗಲಿಲ್ಲ. ಕಲ್ಲನ್ನು ಕೆಳಗೆ ನಿಲ್ಲಿಸಿದ ಗಾಡಿಯಿಂದ ಇಳಿಸಿ ಮೇಲೆ ಇಡುವುದು ಪದ್ಧತಿ.

ಅಂಗಳದೊಳಗೆ ಅಳಿಯ ಕಾರನ್ನು ನೆರಳಿಗೆ ನಿಲ್ಲಿಸಿ, ಅದರ ಗದ್ದದ ಮೇಲಿನ ಗೀರನ್ನು ಕರವಸ್ತ್ರದಿಂದ ಉಜ್ಜುತ್ತಿದ್ದ. ಕಲ್ಲುಗಳು ಆಗಲೇ ಡಿಕ್ಕಿ ಸೇರಿದ್ದವು, ಸೀಟಿನವು ಸೀಟು ಸೇರಿದ್ದವು. ಅಂಗಡಿಯ ಯಜಮಾನಿ, ಕೊರಳಲ್ಲಿ ಬೀಗದ ಕೈ ಗೊಂಚಲು ಹಾಕಿಕೊಂಡ ಗಟ್ಟಿಗಿತ್ತಿ, ಯಂತ್ರದ ಪಕ್ಕ ನಿಂತಿದ್ದಳು.

"ಬನ್ನಿ ಅಜ್ಜ. ಹದಿನೈದು ನಿಮಿಷದಲ್ಲಿ ಮುಗಿಸಿದ್ರು ನಿಮ್ಮ ಅಳಿಯ. ನೀವಾಗಿದ್ರೆ ಮಧ್ಯಾಹ್ನ ಮಾಡ್ತಿದ್ರಿ. ಒತ್ತಿ ಮುದ್ರೆ, ಲಾರಿ ಕಾಯ್ತಿವೆ."

ಅಜ್ಜ ಜೇಬಿಗೆ ಕೈ ಹಾಕಿದ. ಆಗ ಸರಳು ತುಂಬಿದ ಕೈಗಾಡಿಯೊಂದನ್ನು ತೂಗಿಸಿ ಅಲ್ಲೇ ನಿಂತಿದ್ದ ಹೆಂಗಸೊಬ್ಬಳು, ಯಾರ ಕಡೆಯೂ ನೋಡದೆ, ಗಾಡಿಗೆ ಹೇಳುವಂತೆ ಹೇಳಿದಳು.

"ನೂರಾ ಅರವತ್ತಂತೆ. ಸರಳು ಕಟ್ಟಿದ ಕೈ ನನ್ನದು. ಈ ಗಾಡಿ ತುಂಬಿದ್ರೆ ನೂರಾ ಎಂಬತ್ತು, ಗಾಡಿ ಸೇರಿ. ಐದು ವರ್ಷದಿಂದ ಅಷ್ಟೇ. ಇವತ್ತು ಸರಳು ಉಪವಾಸ ಮಾಡಿ ಬಂದಿದೆ ಅನ್ಸುತ್ತೆ."

"ಹೊಸದಾಗಿ ತಿದ್ದಿರೋ ಯಂತ್ರ," ಅಂದ ಅಳಿಯ. "ಹಳೇದು ಸುಳ್ಳು ಹೇಳ್ತಿತ್ತು. ಈಗ ಸರಿಯಾಗಿದೆ."

ಅಜ್ಜನ ಕೈ ಜೇಬಿನಲ್ಲೇ ನಿಂತಿತು.

"ಹಳೇದಕ್ಕೆ ಮುದ್ರೆ ಹಾಕಿದ್ದು ನಾನೇ ಅಲ್ವೇನಪ್ಪ. ಎಷ್ಟು ಸುಳ್ಳು ಹೇಳ್ತಿತ್ತು?"

"ಆರು ಕಲ್ಲಿಟ್ಟಾಗ ನೂರಾ ಇಪ್ಪತ್ತು, ಸರಿಯಾಗೇ ಇತ್ತು. ದೊಡ್ಡ ತೂಕಕ್ಕೆ ಮಾತ್ರ ಏರುಪೇರು. ಕಲ್ಲಿಲ್ಲದೆ ಖಾಲಿ ಕಾರು ಹತ್ತಿಸಿದ್ರೆ ಸಾವಿರದ ಇನ್ನೂರಾ ಅರವತ್ತು ಅಂತು."

"ಅದು ಅಷ್ಟು ಇಲ್ವಾ?"

ಅಳಿಯ ಕಾರಿನಿಂದ ಹೊಳೆಯುವ ಪುಸ್ತಕವೊಂದನ್ನು ತಂದು ಬಿಡಿಸಿದ. ಪುಟದ ತುಂಬ ಕಾರು, ಕಾರಿನ ಹಿಂದೆ ಸಮುದ್ರ, ಕೆಳಗೊಂದು ಅಂಕಿ. ಅಂಕಿಯನ್ನು ಅಜ್ಜ ಓದಬಲ್ಲ. ಸಾವಿರದ ನೂರಾ ಇಪ್ಪತ್ತು.

"ಕಂಪನಿಯವರೇ ಬರೆದಿದ್ದಾರೆ ಮಾವ. ಹಗುರ ಅನ್ನೋದೇ ಇದರ ಹೆಗ್ಗಳಿಕೆ. ಕಲ್ಲು ಯಾಕೆ ಹೊರಬೇಕು, ಕಾರೇ ಕಲ್ಲು. ಹತ್ತಿಸೋದು, ಪುಸ್ತಕದಲ್ಲಿ ಇರೋ ಅಂಕಿಗೆ ತಿರುಪು ತಿರುಗಿಸೋದು, ಇಳಿಸೋದು. ವ್ಯಾನಿಗಿಂತ ಇದೇ ಉಪಯೋಗ."

ಅಜ್ಜ ಆ ಪುಟದ ಸಮುದ್ರ ನೋಡಿದ. ಆಮೇಲೆ ಮೆಲ್ಲಗೆ ಕೇಳಿದ.

"ಪೆಟ್ರೋಲ್ ಎಷ್ಟಿದೆ?"

"ಫುಲ್ ಟ್ಯಾಂಕ್."

"ಪುಸ್ತಕದ ಕಾರಲ್ಲಿ?"

ಅಳಿಯ ಪುಸ್ತಕ ಮಡಿಸಿದ.

"ಆ ದಪ್ಪ ಚಕ್ರ ನೀನು ಹಾಕಿಸಿದ್ದು. ಹಿಂದುಗಡೆ ಹಾಡಿನ ಪೆಟ್ಟಿಗೆ ನೀನು ಹಾಕಿಸಿದ್ದು. ನೀರು, ಎಣ್ಣೆ, ನಿನ್ನ ಹೆಂಡತಿ ಬಿಟ್ಟು ಹೋದ ಕೊಡೆ. ಮದುವೆ ಗಂಡಿನ ಪಟ ನೋಡಿ ತೂಕ ಹೇಳಿದ ಹಾಗಾಯ್ತಲ್ಲಪ್ಪ ಇದು. ಸೀಟಿನ ಕಲ್ಲು ಬಿಚ್ಚು, ಆರನ್ನೂ ತಂದು ಇಡು."

ಅಳಿಯ ಇಟ್ಟ. ಬೀರುವಿನಂಥ ಯಂತ್ರದ ಕೆಂಪು ಅಂಕಿ ಓಡಿ ಬಂದು ನಿಂತಿತು. ನೂರಾ ಐದು.

ಲಾರಿ ಡ್ರೈವರ್ ಸಿಳ್ಳೆ ಹಾಕಿದ. ಹದಿನೈದು ಕಿಲೋ ಕಬ್ಬಿಣ ಹಾಡಹಗಲಲ್ಲಿ ಕಣ್ಣೆದುರೇ ಮಾಯವಾಗಿತ್ತು. ಬೆಳಗಿನವರೆಗೆ ನಿಜ ಹೇಳಿಕೊಂಡು ಬಂದ ಯಂತ್ರಕ್ಕೆ ಶೋಕಿಯ ಪುಸ್ತಕವೊಂದು ಸುಳ್ಳು ಕಲಿಸಿತ್ತು.

ಯಜಮಾನಿ ಹತ್ತಿರ ಬಂದು ದನಿ ತಗ್ಗಿಸಿದಳು.

"ಅಜ್ಜ, ಆಗಿದ್ದಾಯ್ತು. ತಂದುಕೊಡೋರಿಗೆ ಒಂಚೂರು ಕಮ್ಮಿ ತೋರಿಸುತ್ತೆ, ಅಷ್ಟೇ ತಾನೆ. ನನಗೇನು ತೊಂದರೆ ಇಲ್ಲ. ನಿಮಗೂ ಬಸ್ಸು ತಪ್ಪುತ್ತೆ. ಒತ್ತಿಬಿಡಿ. ಮುಂದಿನ ವರ್ಷವೂ ನಿಮ್ಮನ್ನೇ ಕರೀತೀನಿ. ಒತ್ತಲ್ಲ ಅಂದ್ರೆ ಬೇರೆಯವರು ಇದ್ದಾರೆ."

ಅಳಿಯ ಆಸೆಯಿಂದ ಮಾವನ ಜೇಬು ನೋಡಿದ. ಮತ್ತೊಂದು ದಿನ ಐವತ್ತು ಕಲ್ಲು ತಂದು ಸರಿ ಮಾಡೋಣ ಎಂದು ಅವನ ಬಾಯಿಗೆ ಬಂದಿತ್ತು, ಯಾವುದರಲ್ಲಿ ತರುವುದು ಎಂದು ನೆನಪಾಗಿ ಅಲ್ಲೇ ನುಂಗಿಕೊಂಡ.

"ಬೇರೆಯವರನ್ನ ಕರೀಬಹುದಮ್ಮ," ಅಂದ ಅಜ್ಜ. "ಅವರ ಗುರುತು ಅವರದು. ಈ ಗುಂಡಿನ ಮೇಲೆ ಇರೋದು ನಂದು. ಇವತ್ತು ಇದು ಸರಿ ಆಗದೆ ನಾನು ಒತ್ತಲ್ಲ, ಸರಿ ಆಗದೆ ಇಲ್ಲಿಂದ ಏಳೋದೂ ಇಲ್ಲ." ಅವನು ಒಂದು ಹಳೆಯ ಗೇರ್‌ಪೆಟ್ಟಿಗೆಯ ಮೇಲೆ ಕುಳಿತ. "ಅಳಿಯಂದಿರೇ, ಅಂಗಿ ಬಿಚ್ಚಿ."

ಅಜ್ಜ ಅವನನ್ನು ಬಹುವಚನದಲ್ಲಿ ಕರೆದದ್ದು ಮದುವೆಯ ದಿನ ಬಿಟ್ಟರೆ ಇದೇ ಮೊದಲು. ಅಳಿಯ ತಕ್ಷಣ ಅಂಗಿ ಬಿಚ್ಚಿದ.

ಕೆಲಸ ಕಷ್ಟದ್ದಲ್ಲ, ಉದ್ದದ್ದು. ಮೊದಲು ಆರು ಕಲ್ಲಿಗೆ ನೂರಾ ಇಪ್ಪತ್ತು ತೋರುವಂತೆ ತಿರುಪನ್ನು ಹಿಂದಕ್ಕೆ ತಿರುಗಿಸಿದರು. ಆಮೇಲೆ ಕಲ್ಲು ತೆಗೆದು, ಅದೇ ಅಂಕಿ ಬರುವವರೆಗೆ ಆ ಜಾಗದಲ್ಲಿ ಗುಜರಿ ತುಂಬಿದರು. ಈಗ ಆ ಗುಜರಿ ಆರು ಕಲ್ಲಿಗೆ ಸಮ. ಅದರ ಮೇಲೆ ಮತ್ತೆ ಆರು ಕಲ್ಲು, ಮತ್ತೆ ತೆಗೆ, ಮತ್ತೆ ಗುಜರಿ. ವ್ಯಾನು ಕೊಳ್ಳುವ ಮೊದಲು, ಸೈಕಲ್ಲಿನ ಕಾಲದಲ್ಲಿ, ಅಜ್ಜ ಹೀಗೇ ಮಾಡುತ್ತಿದ್ದ. ಆಗ ಅವನ ಹತ್ತಿರ ಇದ್ದದ್ದು ಎರಡೇ ಕಲ್ಲು.

"ನಲ್ಲಿ ತೆಗಿ, ಬೋಲ್ಟ್ ಹಾಕು," ಅನ್ನುತ್ತಿದ್ದ ಅಜ್ಜ ಕುಳಿತಲ್ಲಿಂದ. "ಅಂಕಿ ಬದಲಾಗೋ ಅಂಚಿಗೆ ಬರ್ಬೇಕು. ಇನ್ನೊಂದು ಬೋಲ್ಟ್. ಹಾಂ. ಈಗ ಕಲ್ಲು."

ಅಳಿಯನ ಬಿಳಿ ಪ್ಯಾಂಟು ಮೂರನೆಯ ಸುತ್ತಿಗೆ ಕಂದಾಯಿತು, ಐದನೆಯ ಸುತ್ತಿಗೆ ಕಪ್ಪಾಯಿತು. ಲಾರಿಗಳು ಸಾಲಾಗಿ ನಿಂತವು. ಡ್ರೈವರುಗಳು ಇಳಿದು ಬಂದು, ಮೊದಲು ಕಾರನ್ನು ನೋಡಿ, ಆಮೇಲೆ ಕಾರಿನವನನ್ನು ನೋಡಿದರು.

"ಅಣ್ಣಾ, ಇದು ಎಷ್ಟು ಸ್ಪೀಡ್ ಹೋಗುತ್ತೆ?" ಎಂದು ಒಬ್ಬ ಕೇಳಿದ.

"ಇನ್ನೂರಾ ನಲವತ್ತು," ಅಂದ ಅಳಿಯ, ಕಲ್ಲು ಹಿಡಿದುಕೊಂಡೇ.

"ಹಾಗಾದ್ರೆ ಇವತ್ತಿನ ಮೂರು ಊರೂ ಮುಗಿಸಿ ಆಗಿರಬೇಕಲ್ಲ," ಅಂದ ಅಜ್ಜ.

ಹತ್ತನೆಯ ಸುತ್ತಿಗೆ ವೇಬ್ರಿಡ್ಜ್ ಮೇಲೆ ಸಾವಿರದ ಇನ್ನೂರು ಕಿಲೋ ಸೇರಿತು. ಯಂತ್ರ ಸಾವಿರದ ನೂರಾ ತೊಂಬತ್ತು ಎಂದಿತು. ಅಜ್ಜ ಎದ್ದು ಬಂದು ಕಾಲು ಸುತ್ತು ತಿರುಪು ಮುಟ್ಟಿದ. ಅಂಕಿ ಏರಿ ನಿಂತಿತು. ಗುಜರಿಯನ್ನೆಲ್ಲ ಇಳಿಸಲು ಇನ್ನೊಂದು ಗಂಟೆ. ಅಲ್ಲಿಗೆ ಬೇರೆ ಎರಡು ಊರುಗಳ ಕೆಲಸ ತಪ್ಪಿತ್ತು. ಅಲ್ಲೊಂದು ಊರಿನಲ್ಲಿ ಕಾಯುತ್ತಿದ್ದ ಇಟ್ಟಿಗೆ ಭಟ್ಟಿಯವನು ಎರಡು ಸಲ ಫೋನ್ ಮಾಡಿ ಬೈದಿದ್ದ.

"ಈಗ ನಿನ್ನ ಕಾರು ಹತ್ತಿಸು," ಅಂದ ಅಜ್ಜ.

"ಬೇಡ ಮಾವ."

"ಹತ್ತಿಸಪ್ಪ. ಯಂತ್ರಕ್ಕೂ ಅದಕ್ಕೂ ಒಂದು ಸಲ ಮಾತಾಗಲಿ."

ಮತ್ತೆ ಹಲಗೆ, ಮತ್ತೆ ನಾಲ್ಕು ಜನ. ಕಾರು ಗದ್ದ ಎತ್ತಿಕೊಂಡು ಹತ್ತಿತು, ಅಳಿಯ ಇಳಿದು ಪಕ್ಕಕ್ಕೆ ಬಂದ. ಸಾವಿರದ ಇನ್ನೂರಾ ಅರವತ್ತು. ಬೆಳಗ್ಗೆ ಎಷ್ಟೋ ಈಗಲೂ ಅಷ್ಟೇ. ಯಜಮಾನಿ ಅಂಕಿ ನೋಡಿ, ಕಾರು ನೋಡಿ, ಅಂಗಡಿಯ ದನಿಯಲ್ಲೇ ಅಂದಳು.

"ತೂಕ ಹೇಗೂ ಆಯ್ತು. ಕೊಡೋದಾದ್ರೆ ಇವತ್ತಿನ ರೇಟಿಗೇ ತಗೊತೀನಿ."

ಅಂಗಳವೆಲ್ಲ ನಕ್ಕಿತು. ಅಳಿಯನಿಗೂ ನಗು ಬಂತು, ಬಂದದ್ದಕ್ಕೆ ನಾಚಿಕೆಯೂ ಆಯಿತು. ಕಾರು ಇಳಿದ ಮೇಲೆ ಅಜ್ಜ ತಂತಿ ಪೋಣಿಸಿದ, ಸೀಸದ ಗುಂಡನ್ನು ಬೆರಳಲ್ಲಿ ಹೊಂದಿಸಿ ಇಕ್ಕಳ ಕಚ್ಚಿಸಿದ. ಗುರುತು ನೆಟ್ಟಗೆ ಬಿತ್ತು. ಯಜಮಾನಿ ಅದನ್ನು ಮುಟ್ಟಿ ನೋಡಿ, ಮೂತಿ ತಿರುವಿ, ಕೈಗಾಡಿಯವಳಿಗೆ ಮತ್ತೆ ತೂಗಿಸಿಕೊಳ್ಳಲು ಹೇಳಿದಳು.

"ನಾಳೆಗೆ ಈ ಡ್ರೈವರಣ್ಣನ ಲಾರಿ ಹೇಳಿದ್ದೀನಿ," ಅಂದ ಅಜ್ಜ, ಕೈ ಒರೆಸಿಕೊಳ್ಳುತ್ತ. "ಬೆಳಗ್ಗೆ ಬರ್ತಾನೆ. ಐವತ್ತೂ ಕಲ್ಲು ಹತ್ತಿಸ್ಬೇಕು."

"ಕಾರು, ಮಾವ?"

"ಕಾರು ಬಹಳ ಚೆಂದ ಇದೆ. ರಜಾ ದಿನ ಹೆಂಡತಿಯನ್ನ ಕೂರಿಸ್ಕೊಂಡು, ಉಬ್ಬು ಇಲ್ಲದ ರಸ್ತೆ ಎಲ್ಲಾದ್ರೂ ಇದ್ರೆ ಹುಡುಕಿ, ಒಂದು ಸುತ್ತು ಹೋಗಿ ಬಾ. ಅವಳು ಚೀಲ ಗೀಲ ತರದ ಹಾಗೆ ನೋಡ್ಕೊ."

ಅಷ್ಟು ಹೇಳಿ ಅಜ್ಜ ಲಾರಿಯ ಕಡೆ ನಡೆದ. ಡ್ರೈವರ್ ಅಜ್ಜನ ಮನೆಯ ಕಡೆಗೇ ಹೋಗುವವನಿದ್ದ. ಮೆಟ್ಟಿಲು ಎತ್ತರದಲ್ಲಿತ್ತು, ಆದರೂ ಹಿಡಿಯಲು ಸರಳಿತ್ತು, ಕಾಲಿಡಲು ಜಾಗವಿತ್ತು. ಯಾರ ಕೈಯನ್ನೂ ಕೇಳದೆ ಅಜ್ಜ ಹತ್ತಿ ಕುಳಿತ.