ಕಂಬಳಿ ಹೊದ್ದ ಬ್ಯಾಟರಿ

ಬೆಳದಿಂಗಳು ಬಂತೆಂದರೆ ಸರೋವರದ ದಂಡೆಯಲ್ಲಿ ಎಲ್ಲರಿಗೂ ರಜೆ. ಆಕಾಶದಲ್ಲೇ ಅಷ್ಟು ದೊಡ್ಡ ದೀಪ ತೂಗುತ್ತಿರುವಾಗ ದೋಣಿಯ ದೀಪಕ್ಕೆ ಯಾವ ಒಮೆನಾ ಮೀನು ಮರುಳಾಗಿ ಬಂದೀತು? ದೋಣಿಗಳು ದಂಡೆಗೇರಿ ಮಲಗುತ್ತವೆ, ಬಲೆಗಳು ಬೇಲಿಗೆ ಒರಗುತ್ತವೆ, ಗಂಡಸರು ಮರದ ಕೆಳಗೆ ಕುಳಿತು ಅಜುವಾ ಮಣೆಯ ಗುಳಿಗಳಿಗೆ ಬೀಜ ಹಾಕುತ್ತ ಜಗತ್ತನ್ನು ತಿದ್ದುತ್ತಾರೆ.

ಬ್ಯಾಟರಿಗೂ ರಜೆ ಬೇಕೆಂದು ಕಂಡುಹಿಡಿದವನು ಓಗ್ವೆನೊ. ಅಪೋಂಡಿಯ ತೀರಿಹೋದ ಗಂಡನ ತಮ್ಮ. ಅವಳ ದೋಣಿಗೆ ಅವನೇ ನಾಯಕ. ಹಿಂದಿನ ಬೆಳದಿಂಗಳಲ್ಲಿ, ದೋಣಿಗಿದ್ದ ಎರಡು ಬ್ಯಾಟರಿಗಳಲ್ಲಿ ಒಂದನ್ನು, ಖಾಲಿಯಾಗಿದ್ದರೂ ಚಾರ್ಜ್ ಮಾಡಿಸದೆ, ಕಂಬಳಿ ಸುತ್ತಿ ಮಲಗಿಸಿದ್ದ. ಅದು ಎಷ್ಟು ಚೆನ್ನಾಗಿ ಮಲಗಿತೆಂದರೆ ಮತ್ತೆ ಏಳಲೇ ಇಲ್ಲ.

"ಖಾಲಿ ಹೊಟ್ಟೇಲಿ ಇಟ್ರೆ ಸಾಯುತ್ತಮ್ಮ. ದೋಣಿ ನೀರಿಗಿಳೀಲಿ ಬಿಡಲಿ, ಇದಕ್ಕೆ ದಿನಾ ಬಿಸಿಲು ಉಣಿಸ್ಬೇಕು" ಎಂದಿದ್ದ ಚಾರ್ಜ್ ಅಂಗಡಿಯವನು.

"ಚಾರ್ಜ್ ಮಾಡೋದೇ ಅವನ ಹೊಟ್ಟೆಪಾಡು, ಇನ್ನೇನು ಹೇಳ್ತಾನೆ? ಅದಕ್ಕೆ ವಿಶ್ರಾಂತಿ ಸಾಲ್ಲಿಲ್ಲ ಅತ್ತಿಗೆ, ಅಷ್ಟೇ" ಎಂದ ಓಗ್ವೆನೊ, ಆಳುಗಳೆಲ್ಲ ಕೇಳುವಂತೆ. ಉಳಿದೊಂದು ಬ್ಯಾಟರಿಗೆ ಈ ಸಲ ಎರಡು ಕಂಬಳಿ ಹೊದಿಸಿ ಅಪೋಂಡಿಯ ಮನೆಯ ಮೂಲೆಯಲ್ಲಿಟ್ಟ.

ಇದೂ ಸತ್ತರೆ ಕತ್ತಲ ದಿನಗಳಿಗೆ ದೀಪವಿಲ್ಲ. ದೀಪವಿಲ್ಲದ ದೋಣಿಗೆ ಆಳೂ ಇಲ್ಲ. ಆಳುಗಳಲ್ಲಿ ಹಿರಿಯನಾದ ರಪೂಡೊ ಮುಖದ ಮೇಲೆಯೇ ಹೇಳಿದ್ದ: "ಮೊದಲ್ನೇ ಸಂಜೆ ದೀಪ ಹತ್ತದಿದ್ರೆ ನಾವು ಬೇರೆ ದೋಣಿ ಹತ್ತೀವಿ ಅಕ್ಕ. ಬೇಜಾರು ಮಾಡ್ಕೋಬೇಡಿ." ಅಪೋಂಡಿಗೆ ಇದ್ದದ್ದು ಆ ಒಂದೇ ದೋಣಿ. ಆದರೆ ಎಲ್ಲರೆದುರು ನಾಯಕನ ಮಾತನ್ನು ಅವಳೇ ತಳ್ಳಿಹಾಕಿದರೆ, ಆಮೇಲೆ ನೀರಿನ ನಡುವೆ ಅವನ ಮಾತನ್ನು ಯಾರು ಕೇಳುತ್ತಾರೆ?

ಹಾಗಾಗಿ ಮರುದಿನ ಬೆಳಿಗ್ಗೆ, ಅವನು ಅಜುವಾ ಆಡಲು ಹೋದ ಮೇಲೆ, ಕಂಬಳಿಯೊಳಗೆ ಖಾಲಿ ಎಣ್ಣೆ ಡಬ್ಬಿಯೊಂದನ್ನು ಮಲಗಿಸಿದಳು. ಬ್ಯಾಟರಿಯನ್ನು ಹಿತ್ತಿಲಿಗೆ ಹೊತ್ತು, ಮನೆಯ ಸೋಲಾರ್ ಪ್ಯಾನೆಲ್ಲನ್ನು ಪೂರ್ವಕ್ಕೆ ಒರಗಿಸಿ, ತಂತಿ ಜೋಡಿಸಿ, ಒಣಮೀನಿನ ಬೋಗುಣಿ ತಲೆಗೇರಿಸಿಕೊಂಡು ಸಂತೆಗೆ ಹೋದಳು.

ಸಂಜೆ ಬಂದು ನೋಡಿದರೆ ಪ್ಯಾನೆಲ್ ಪಶ್ಚಿಮಕ್ಕೆ ಮುಖಮಾಡಿತ್ತು. ಸೂರ್ಯನನ್ನು ಹುಡುಕಿಕೊಂಡು ತಾನೇ ತಿರುಗುವಷ್ಟು ಬುದ್ಧಿವಂತ ಪ್ಯಾನೆಲ್ಲನ್ನು ಅವಳು ಕೊಂಡಿರಲಿಲ್ಲ. ಪಕ್ಕದ ಮನೆಯವಳ ಉಪಕಾರವಿರಬೇಕೆಂದು ಅವಳಿಗೊಂದು ಬೊಗಸೆ ಮೀನು ಕೊಟ್ಟಳು. ಯಾಕೆಂದು ಕೇಳದೆ ಅವಳು ತೆಗೆದುಕೊಂಡಳು. ಒಳ್ಳೆಯ ನೆರೆಹೊರೆ ಎಂದರೆ ಹಾಗೆ.

ಓಗ್ವೆನೊ ದಿನವೂ ಮುಸ್ಸಂಜೆಗೆ ರೋಗಿಯನ್ನು ನೋಡಲು ಬರುತ್ತಿದ್ದ. ಕಂಬಳಿಯನ್ನು ಮೆಲ್ಲಗೆ ತಟ್ಟಿ, "ನೋಡಿ ಅತ್ತಿಗೆ, ಎಷ್ಟು ನೆಮ್ಮದಿಯಾಗಿದೆ" ಎನ್ನುತ್ತಿದ್ದ.

"ಹೌದಪ್ಪ. ಗೊರಕೆ ಒಂದು ಬಾಕಿ."

ಒಳಗಿನಿಂದ ಡಬ್ಬಿ 'ಟೊಣ್' ಎನ್ನುತ್ತಿತ್ತು. ಅದು ಇಬ್ಬರಿಗೂ ಕೇಳಿಸುತ್ತಿರಲಿಲ್ಲ.

ಒಂದು ದಿನ ಮೀನು ಬೇಗ ಖರ್ಚಾಗಿ ಅಪೋಂಡಿ ಮಧ್ಯಾಹ್ನಕ್ಕೇ ಮರಳಿದಳು. ಹಿತ್ತಿಲಲ್ಲಿ ಯಾರೋ ಮಾತಾಡುವ ದನಿ. ಬೇಲಿಯ ಸಂದಿನಿಂದ ಇಣುಕಿದಳು. ವಿಶ್ರಾಂತಿಯ ಪಂಡಿತ ಓಗ್ವೆನೊ ಕುಕ್ಕರಗಾಲಲ್ಲಿ ಕುಳಿತಿದ್ದ. ಪ್ಯಾನೆಲ್ ಮೇಲಿನ ಹಕ್ಕಿ ಹಿಕ್ಕೆ ಒರೆಸಿದ. ಬ್ಯಾಟರಿಗೆ ನೀರು ತುಂಬಿಸಿ, ಅದರ ತಲೆಯ ಮೇಲಿನ ಬಿಳಿ ಕಿಲುಬನ್ನು ಅಂಗಿಯ ಅಂಚಿನಿಂದ ಉಜ್ಜಿದ.

"ತಿನ್ನೋ ಹೊಟ್ಟೆಬಾಕ. ನಿನ್ನ ಜೊತೆಗಾರನ್ನ ಕೊಂದವ್ನು ನಾನೇ, ಗೊತ್ತು. ಈಗ ಬಾಯಿಬಿಟ್ಟು ಹೇಳೋಕಾಗುತ್ತಾ? ನೀನಾದ್ರೂ ಬದುಕು. ಅತ್ತಿಗೆಗೆ ಮಾತ್ರ ಹೇಳ್ಬೇಡ."

ಅಪೋಂಡಿ ಬಂದ ಹೆಜ್ಜೆಯಲ್ಲೇ ಹಿಂದೆ ಸರಿದು ದಾರಿಗೆ ಬಂದಳು. ಅಲ್ಲಿ ನಿಂತು ಕ್ಷಯರೋಗಿಯಂತೆ ಕೆಮ್ಮಿದಳು. ಸಾಲದೆಂದು ಬೋಗುಣಿಯನ್ನು ನೆಲಕ್ಕೆ ಬೀಳಿಸಿ, ಅದನ್ನು ಎತ್ತಿಕೊಳ್ಳಲು ಬಹಳ ಹೊತ್ತು ಮಾಡಿದಳು. ಅಷ್ಟು ದಪ್ಪದ ಮನುಷ್ಯನಿಗೆ ಆಚೆ ಕಡೆಯ ಬೇಲಿ ದಾಟಲು ಸಮಯ ಬೇಕಲ್ಲ.

ಕತ್ತಲ ದಿನಗಳ ಮೊದಲ ಸಂಜೆ ಬಂತು. ಬೆಳಿಗ್ಗೆಯೇ ಡಬ್ಬಿ ಹೊರಬಿದ್ದು ಬ್ಯಾಟರಿ ಕಂಬಳಿ ಸೇರಿತ್ತು. ರಪೂಡೊ ಮತ್ತವನ ಜೊತೆಯವರು ಒಂದು ಕಣ್ಣನ್ನು ಪಕ್ಕದ ದೋಣಿಯ ಮೇಲಿಟ್ಟೇ ನಿಂತಿದ್ದರು. ಓಗ್ವೆನೊ ಮದುಮಗಳ ಮುಸುಕು ತೆಗೆಯುವವನಂತೆ ಕಂಬಳಿ ಬಿಚ್ಚಿ ತಂತಿ ಸಿಕ್ಕಿಸಿದ. ದೀಪಗಳು ಕಣ್ಣು ಕೋರೈಸುವಂತೆ ಹತ್ತಿದವು.

"ನೋಡಿದ್ರಾ? ವಿಶ್ರಾಂತಿ ಅಂದ್ರೆ ಇದು."

"ನೋಡಿದ್ವಿ ನಾಯಕರೇ" ಎಂದು ರಪೂಡೊ ಹುಟ್ಟು ಕೈಗೆತ್ತಿಕೊಂಡ. ಅವನ ಕಣ್ಣು ಓಗ್ವೆನೊನ ಅಂಗಿಯ ಮೇಲೆ ನಿಂತಿತು. "ಅಂಚೆಲ್ಲ ಜರಡಿ ಆಗಿದ್ಯಲ್ಲ? ಬ್ಯಾಟರಿ ಆಸಿಡ್ ಬಿದ್ದ ಹಾಗಿದೆ."

ಓಗ್ವೆನೊ ಅಂಗಿಯ ಅಂಚನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡ.

"ಇಲಿ" ಎಂದಳು ಅಪೋಂಡಿ. "ನಮ್ಮ ಕಡೆ ಇಲಿ ಕಾಟ ಜಾಸ್ತಿ. ನೀವು ಹತ್ತಿ, ಹೊತ್ತಾಯ್ತು."

ಎಲ್ಲರೂ ಹತ್ತಿದರು. ದೋಣಿಯನ್ನು ನೀರಿಗೆ ನೂಕಲು ಬಗ್ಗಿದ ಓಗ್ವೆನೊ ಅವಳ ಪಕ್ಕದಲ್ಲಿ ಒಂದು ಕ್ಷಣ ನಿಂತ. ಮುಖ ಸರೋವರದ ಕಡೆಗೇ ಇತ್ತು.

"ಮುಂದಿನ ಸಲ ಕಲ್ಲು ಇಡಿ ಅತ್ತಿಗೆ" ಎಂದ ಮೆಲ್ಲಗೆ. "ಡಬ್ಬಿ ಸದ್ದು ಮಾಡುತ್ತೆ."