ಎರಡನೇ ಲಾಕು

"ಅದು ಪಿಸ್ಟನ್ನು ಅಳಿಯಂದ್ರೇ. ನಿಮ್ಮ ಅಂಗಡಿ ಕನ್ನಡಕ ಅಲ್ಲ, ಬಟ್ಟೇಲಿ ಒರೆಸಿದ ಕೂಡ್ಲೆ ಹೊಳೆಯೋಕೆ," ಎಂದ ಮೇಸ್ತ್ರಿ.

ಹಳೇ ಟೈರುಗಳನ್ನು ಪೇರಿಸಿ ಅದರ ಮೇಲೆ ಕೂತಿದ್ದ ಅವನು, ಟೀ ಲೋಟವನ್ನು ಮೊಣಕಾಲ ಮೇಲಿಟ್ಟುಕೊಂಡು, ಬೀದಿಗೆಲ್ಲ ಕೇಳಲಿ ಎಂದೇ ಗಂಟಲು ಎತ್ತಿದ್ದ. ಪಕ್ಕದ ಟೀ ಅಂಗಡಿಯ ಬೆಂಚಿನವರು ನಕ್ಕರು. ಮೇಸ್ತ್ರಿಯ ಕಾಲ ಬುಡದಲ್ಲಿ ಅಳಿಯ ಕುಕ್ಕರಗಾಲಲ್ಲಿ ಕೂತು, ಸಿಲಿಂಡರಿನೊಳಗೆ ಕಚ್ಚಿಕೊಂಡು ನಿಂತ ಪಿಸ್ಟನ್ನಿನ ಜೊತೆ ಗುದ್ದಾಡುತ್ತಿದ್ದ. ಗಿರಾಕಿಗಳ ಮೂಗಿನ ಅಳತೆ ನೋಡಿ ಕನ್ನಡಕದ ಫ್ರೇಮು ಕೂರಿಸುವುದು ಅವನ ಕಸುಬು. ಉಗುರಿನ ಸಂದಿಯಲ್ಲಿ ಚೂರು ಕರಿ ಕಂಡರೂ ಕಸಿವಿಸಿ ಪಡುವ ಮನುಷ್ಯ ಈಗ ಮೊಣಕೈವರೆಗೂ ಗ್ರೀಸು ಬಳಿದುಕೊಂಡಿದ್ದ.

ಶೆಡ್ಡಿನ ಒಳಗೆ ಬೆಂಚಿನ ಮುಂದೆ ನಿಂತು ಮೇಸ್ತ್ರಿಯ ಮಗಳು ಸೀಮೆಎಣ್ಣೆ ತಟ್ಟೆಯಲ್ಲಿ ನಟ್ಟು ಬೋಲ್ಟು ತೊಳೆಯುತ್ತಿದ್ದಳು. ಅವಳು ನಗಲಿಲ್ಲ.

ಮೋಟಾರ್‌ಸೈಕಲ್ಲು ಮೇಸ್ತ್ರಿಯದೇ. ಮದುವೆಯಾದಾಗ ಮಗಳ ಜೊತೆಗೆ ಅದನ್ನೂ ಕಳಿಸಿಕೊಟ್ಟಿದ್ದ. ಎರಡನ್ನೂ ಚೆನ್ನಾಗಿ ನೋಡಿಕೊಳ್ಳಿ ಎಂದೂ ಹೇಳಿದ್ದ. ಎಂಜಿನ್ನಿನಲ್ಲಿ ಟಿಕ್ ಟಿಕ್ ಸದ್ದು ಬರ್ತಿದೆ, ಆಯಿಲ್ ಎಷ್ಟಿದೆ ನೋಡಿ ಎಂದು ಮಗಳು ಗಂಡನಿಗೆ ಹೇಳಿದಳು. ಮರುದಿನ ಮತ್ತೆ ಹೇಳಿದಳು. "ಟಿಕ್ ಟಿಕ್ ಅಂತೆ. ಗೋಡೆ ಗಡಿಯಾರ ಏನಾದ್ರೂ ನುಂಗಿದೀಯಾ?" ಎಂದು ಅವನು ಸ್ನೇಹಿತರ ಮುಂದೆ ಅವಳನ್ನು ಆಡಿಕೊಂಡ. ಆ ವಾರವೇ ಇಬ್ಬರೂ ಹೋಗುತ್ತಿದ್ದಾಗ ಏರಿನಲ್ಲಿ ಎಂಜಿನ್ನು ಕಿರ್ರೆಂದು ಕೂಗಿ ಕೈಕೊಟ್ಟಿತು. ಗಂಡ ಕೆಳಗಿಳಿದು ಪ್ಯಾಂಟು ಕೊಡವಿಕೊಂಡ.

"ಮೇಸ್ತ್ರಿ ಮಗಳಲ್ವಾ, ತಳ್ಳು. ಅಭ್ಯಾಸ ಇರುತ್ತೆ."

ಅವಳು ತಳ್ಳಿದಳು. ಉರಿಬಿಸಿಲು. ಅವನು ಅಷ್ಟು ದೂರ ಮುಂದೆ, ಗುರುತಿನವರು ಯಾರಾದರೂ ನೋಡಿಬಿಟ್ಟಾರು ಎಂದು ತಲೆಗೆ ಹಾಕಿದ್ದ ಹೆಲ್ಮೆಟ್ಟನ್ನು ತೆಗೆಯದೆ, ಸಂಬಂಧವೇ ಇಲ್ಲದವನ ಹಾಗೆ ನಡೆಯುತ್ತಿದ್ದ. ರಸ್ತೆ ಕವಲೊಡೆಯುವಲ್ಲಿ ಅವನು ಮನೆಯ ಕಡೆ ತಿರುಗಿದ. ಅವಳು ಹ್ಯಾಂಡಲ್ಲನ್ನು ಅಪ್ಪನ ಶೆಡ್ಡಿನ ಕಡೆ ತಿರುಗಿಸಿದಳು. ಹಿಂದೆ ಯಾರೂ ಇಲ್ಲ ಎನ್ನುವುದು ಹೆಲ್ಮೆಟ್ಟಿನೊಳಗಿನ ಗಂಡನಿಗೆ ತಿಳಿದದ್ದು ಮನೆಯ ಬಾಗಿಲಲ್ಲಿ.

ಕರೆದುಕೊಂಡು ಹೋಗಲು ಬಂದ ಅಳಿಯನಿಗೆ ಮೇಸ್ತ್ರಿ ಟೀ ಅಂಗಡಿಯವರ ಎದುರಿಗೇ ಷರತ್ತು ಹಾಕಿದ. "ಎಂಜಿನ್ ಸಾಯಿಸಿದವ್ರು ನೀವು. ನೀವೇ ಬಿಚ್ಚಿ, ನೀವೇ ಕಟ್ಟಿ. ನಾನು ಬಾಯಲ್ಲಿ ಹೇಳ್ತೀನಿ, ಕೈ ಮುಟ್ಟಲ್ಲ. ಅದು ಎದ್ದ ದಿನ ಅವಳನ್ನ ಹಿಂದೆ ಕೂರಿಸ್ಕೊಂಡು ಹೋಗಿ. ಅಲ್ಲೀವರೆಗೂ ಅವಳು ಇಲ್ಲೇ ಇರ್ತಾಳೆ."

ಮಗಳನ್ನು ಯಾರೂ ಕೇಳಲಿಲ್ಲ. ಅವಳೂ ತಲೆ ಕೆಡಿಸಿಕೊಳ್ಳಲಿಲ್ಲ. ಆ ಕೈಯಲ್ಲಿ ಎಂಜಿನ್ನು ಏಳುವುದು ಅಷ್ಟರಲ್ಲೇ ಇದೆ ಎಂದು ಧೈರ್ಯವಾಗಿದ್ದಳು. ಅಳಿಯನಿಗೆ ಬಿಡುವು ಇರುತ್ತಿದ್ದುದು ಭಾನುವಾರ ಮಾತ್ರ. ಉಳಿದ ದಿನಗಳು ಅವಳವು. ಬೇರೆಯವರ ಗಾಡಿಗಳ ಬ್ರೇಕು, ಚೈನು, ಕಾರ್ಬುರೇಟರು ಎಲ್ಲ ಅವಳ ಕೈಗೆ ಬರುತ್ತಿದ್ದವು. ಚಿಕ್ಕವಳಿದ್ದಾಗ ಅಪ್ಪನೇ ಕೈಗೆ ಸ್ಪ್ಯಾನರ್ ಕೊಟ್ಟು ಕಲಿಸಿದ್ದ. ಆಮೇಲೊಂದು ದಿನ, ಸಾಕು, ನೋಡಿದವರು ಏನಂದಾರು ಎಂದು ಕಿತ್ತುಕೊಂಡಿದ್ದ. ಈಗ ಅವನ ಕಣ್ಣು ಮಂಜಾಗಿತ್ತು. ಅದನ್ನು ಬಾಯಿಬಿಟ್ಟು ಹೇಳುವವನಲ್ಲ. "ಸ್ವಲ್ಪ ನೋಡಮ್ಮ ಇದನ್ನ, ನಂಗೆ ಬೇರೆ ಕೆಲಸ ಇದೆ," ಎಂದು ಸುಮ್ಮನೆ ಪಕ್ಕಕ್ಕೆ ಸರಿಯುತ್ತಿದ್ದ. ಅವಳಿಗೆ ಅಷ್ಟೇ ಸಾಕಾಗಿತ್ತು. ಅವಳು ಸುಖವಾಗಿದ್ದಳು.

ಅವಳ ಲೆಕ್ಕ ತಪ್ಪಿದ್ದು ಪಿಸ್ಟನ್ನು ಹೊರಗೆ ಬಂದ ಮೇಲೆ. ಮರದ ತುಂಡಿಟ್ಟು ಅಳಿಯ ಕೊಟ್ಟ ಏಟಿಗೆ ಅದು ದಡಕ್ಕನೆ ಜಾರಿ ಅವನ ಕಾಲ ಮೇಲೆಯೇ ಬಿತ್ತು. ಅವನು ಕುಂಟುತ್ತಾ ಕುಣಿದ. ಮೇಸ್ತ್ರಿ ಕೆಮ್ಮು ಹತ್ತುವಷ್ಟು ನಕ್ಕು, ನಕ್ಕ ಮೇಲೆ ಅದೇಕೋ ಅವನಿಗೊಂದು ಟೀ ಹೇಳಿದ. ಸಿಲಿಂಡರು ಲೇತಿಗೆ ಹೋಗಿ, ಒಳಗೋಡೆ ಕೊರೆಸಿಕೊಂಡು ಬೋರ್ ಆಗಿ ಬರುವ ಹೊತ್ತಿಗೆ ಬೈಗುಳದಲ್ಲಿ ಮೊದಲಿನ ಖಾರ ಇರಲಿಲ್ಲ. ಅಳಿಯನ ಹೆಬ್ಬೆರಳು ಹಿಡಿದು ಹೊಸ ಗೋಡೆಯ ಮೇಲೆ ಆಡಿಸಿ, "ನೋಡಿದ್ರಾ, ರೇಷ್ಮೆ," ಎಂದ. ಅಪ್ಪ ತನ್ನ ಬೆರಳನ್ನೂ ಹೀಗೆಯೇ ಹಿಡಿದಿದ್ದು ಅವಳಿಗೆ ನೆನಪಿತ್ತು.

"ಮಗ ಅಂತ ಒಬ್ಬ ಇದ್ದಿದ್ರೆ ಹೀಗೇ ಜೊತೇಲಿ ಕೂತಿರ್ತಿದ್ದ ನೋಡಿ," ಎಂದ ಮೇಸ್ತ್ರಿ, ಮಗಳು ಎರಡು ಮಾರು ದೂರದಲ್ಲಿ ಇರುವಾಗಲೇ.

ಆ ಸಂಜೆ ಊಟಕ್ಕೆ ಕೂತಾಗ ಅವಳು ಹೇಳಿದಳು. "ಅಪ್ಪ, ನಾನು ಹೋಗಲ್ಲ."

"ಎದ್ರೆ ಹೋಗ್ಬೇಕಮ್ಮ. ಎಲ್ರೆದುರಿಗೆ ಮಾತು ಕೊಟ್ಟಿದೀನಿ."

"ನನ್ನ ಕೇಳಿ ಕೊಟ್ಯಾ?"

"ಕೇಳೋದೇನಿದೆ ಅದರಲ್ಲಿ. ಹುಡುಗ ಈಗ ಬಗ್ಗಿದಾನೆ. ನಿಂಗೇನು ಕಡಿಮೆ?" ಎಂದು ಅವನು ತಟ್ಟೆಯಲ್ಲೇ ಕೈ ತೊಳೆದ.

ಅಳಿಯನೇನೂ ಬಗ್ಗಿರಲಿಲ್ಲ. ತಿಂದ ಬೈಗುಳವನ್ನೆಲ್ಲ ಬಡ್ಡಿ ಸಮೇತ ತೀರಿಸಲು ಕಾಯುತ್ತಿದ್ದ, ಅಷ್ಟೇ. ಮುಂದಿನ ಭಾನುವಾರ ಒಂದು ಬೋಲ್ಟನ್ನು ಮಾವನ ಮುಖದ ಮುಂದೆ ಹಿಡಿದು, "ಮಾವ, ಇದು ಹತ್ತರದ್ದಾ, ಹನ್ನೆರಡರದ್ದಾ?" ಎಂದು ಕೇಳಿದ. ಮೇಸ್ತ್ರಿ ಕಣ್ಣು ಕಿರಿದು ಮಾಡಿ, ಹತ್ತರದ್ದು ಎಂದ. "ಹದಿನಾಲ್ಕರದ್ದು ಮಾವ. ನಮ್ಮಂಗಡಿಗೆ ಬನ್ನಿ, ಒಳ್ಳೇ ದಪ್ಪ ಗ್ಲಾಸು ಹಾಕ್ಕೊಡ್ತೀನಿ. ಸೋಡಾ ಬಾಟಲಿ ತಳ ಇರುತ್ತಲ್ಲ, ಅಷ್ಟು."

ಟೀ ಅಂಗಡಿಯವರು ಈ ಸಲ ಇನ್ನೂ ಜೋರಾಗಿ ನಕ್ಕರು. ಅವರಿಗೆ ಯಾರಾದರೇನು. ಮೇಸ್ತ್ರಿಯೂ ನಕ್ಕ ಹಾಗೆ ಮಾಡಿದ. ಅಂದಿನಿಂದ, ಕಣ್ಣು ಕಾಣದ್ದು ಬಯಲಾದೀತೆಂದು, ನಾಲ್ಕು ಜನರ ಎದುರಿಗೆ ಯಾವುದನ್ನೂ ಅವನು ಬೆರಳಿಟ್ಟು ನೋಡಲಿಲ್ಲ. ಕಣ್ಣಲ್ಲೇ ನೋಡಿದ, ಅಂದರೆ ನೋಡಿದ ಹಾಗೆ ಮಾಡಿದ.

ಎಂಜಿನ್ನು ಕಟ್ಟುವ ದಿನ ಬಂತು. ಪಿಸ್ಟನ್ನನ್ನು ರಾಡಿಗೆ ಹಿಡಿದಿಡುವುದು ಬೆರಳುದ್ದದ ಒಂದು ಪಿನ್ನು. ಆ ಪಿನ್ನು ಪಕ್ಕಕ್ಕೆ ಜಾರದಂತೆ ಎರಡು ಕಡೆಗೂ ಒಂದೊಂದು ಲಾಕು, ಉಂಗುರಕ್ಕಿಂತ ಸಣ್ಣ, ಬಾಯಿ ಬಿಟ್ಟ ತಂತಿಯ ಸುತ್ತು. ಒಂದು ಇಲ್ಲದಿದ್ದರೂ ಸಾಕು, ಪಿನ್ನು ಮೆಲ್ಲಗೆ ಹೊರಗೆ ಬಂದು ಸಿಲಿಂಡರಿನ ಗೋಡೆಯನ್ನು ಉತ್ತುಬಿಡುತ್ತದೆ. ಇದನ್ನೆಲ್ಲ ಮೇಸ್ತ್ರಿ ಅಳಿಯನಿಗೆ ಬಿಡಿಸಿ ಹೇಳಿದ್ದ. ಮಗಳಿಗೆ ಹೇಳಬೇಕಾಗಿರಲಿಲ್ಲ.

ಮೊದಲನೇ ಲಾಕು ಕೂತಿತು. ಎರಡನೆಯದು ಇಕ್ಕಳದ ತುದಿಯಿಂದ ಟಪ್ಪನೆ ಹಾರಿತು. ಅಳಿಯ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಮಾವನ ಮುಖ ನೋಡಿದ. ಅದು ಹಾರಿ ಬಂದು ಬಿದ್ದದ್ದು ಬೆಂಚಿನ ಬುಡಕ್ಕೆ, ಅವಳ ಚಪ್ಪಲಿಯ ಪಕ್ಕಕ್ಕೆ. ಅವಳು ಕಾಲು ಸರಿಸಿ ಅದರ ಮೇಲಿಟ್ಟಳು. ಏಕೆ ಹಾಗೆ ಮಾಡಿದೆನೆಂದು ಅವಳಿಗೂ ಆ ಕ್ಷಣ ಗೊತ್ತಾಗಲಿಲ್ಲ.

"ಎರಡೂ ಲಾಕ್ ಹಾಕಿದ್ರಾ?" ಎಂದ ಮೇಸ್ತ್ರಿ ಟೈರಿನ ಮೇಲಿಂದ.

ಬಿತ್ತು ಮಾವ, ಹುಡುಕಬೇಕು ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಟೀ ಅಂಗಡಿಯ ಬೆಂಚು ತುಂಬಿತ್ತು. "ಹಾಕಿದೀನಿ ಮಾವ," ಎಂದ ಅಳಿಯ.

ಮೇಸ್ತ್ರಿ ಎದ್ದು ಬಂದು ಬಗ್ಗಿದ. ಬೆರಳಿಟ್ಟಿದ್ದರೆ ಗೊತ್ತಾಗುತ್ತಿತ್ತು. ಅವನ ಕೈ ಅರ್ಧದವರೆಗೆ ಹೋಗಿ, ಅಲ್ಲಿಂದಲೇ ಹಿಂದೆ ಬಂದು ಮೀಸೆ ಸವರಿತು. "ಹ್ಞೂಂ. ಚೆನ್ನಾಗಿ ಕೂತಿದೆ. ಸಿಲಿಂಡರ್ ಇಳಿಸಿ."

ಸುಳ್ಳು ಹೇಳಿದ ಇಬ್ಬರನ್ನೂ ಅವಳು ನೋಡಿದಳು. ಬಾಯಿ ತೆರೆದರೆ ಇಬ್ಬರ ಮಾನವೂ ಹೋಗುತ್ತಿತ್ತು, ಆಮೇಲೆ ಲಾಕು ಹಾಕಿಸಿಕೊಂಡು ಎಂಜಿನ್ನು ಸರಿಯಾಗಿಯೇ ಏಳುತ್ತಿತ್ತು, ಅವಳು ಹಿಂದೆ ಕೂತು ಹೋಗಬೇಕಾಗುತ್ತಿತ್ತು. ಸಿಲಿಂಡರು ಪಿಸ್ಟನ್ನಿನ ಮೇಲೆ ಇಳಿಯಿತು. ಅವಳು ಬಗ್ಗಿ ಲಾಕನ್ನು ಎತ್ತಿ ಮುಷ್ಟಿಯಲ್ಲಿಟ್ಟುಕೊಂಡಳು.

ಮಧ್ಯಾಹ್ನಕ್ಕೆ ಎಲ್ಲ ಬಿಗಿದಾಯಿತು. ನಾಲ್ಕಾರು ಒದೆತಕ್ಕೆ ಎಂಜಿನ್ನು ಕೆಮ್ಮಿ, ಹೊಗೆ ಕಾರಿ, ಎದ್ದೇಬಿಟ್ಟಿತು. ಬೆಂಚಿನವರು ಚಪ್ಪಾಳೆ ಹೊಡೆದರು. ಅಳಿಯನ ಎದೆ ಒಂದು ಗೇಣು ಉಬ್ಬಿತು. ಇಷ್ಟು ಭಾನುವಾರಗಳಲ್ಲಿ ಮೊದಲ ಸಲ ಅವನು ಹೆಂಡತಿಯ ಕಡೆ ತಿರುಗಿ ಮಾತಾಡಿದ.

"ಏನು ನೋಡ್ತಿದೀಯಾ? ಹತ್ತು."

"ಹೋಗಮ್ಮ, ಬ್ಯಾಗ್ ತಗೊಂಡು ಬಾ," ಎಂದ ಅಪ್ಪ. ಅವನ ದನಿಯಲ್ಲಿ ಗೆದ್ದವನ ಖುಷಿಯಿತ್ತು. ಅವನು ಗೆದ್ದದ್ದೇನು ಎಂದು ಅವಳಿಗೆ ಅರ್ಥವಾಗಲಿಲ್ಲ.

"ಬ್ಯಾಗ್ ತುಂಬ್ಕೋಬೇಕು. ನೀವು ಒಂದು ರೌಂಡ್ ಹೋಗ್ಬನ್ನಿ," ಎಂದಳು. ಆಮೇಲೆ, "ನಿಧಾನಕ್ಕೆ ಹೋಗಿ. ಹೊಸ ಪಿಸ್ಟನ್ನು," ಎಂದೂ ಸೇರಿಸಿದಳು.

"ಈಗ ನೀನು ನಂಗೆ ಹೇಳ್ಕೊಡ್ತೀಯಾ?"

ಅವನು ಹೆಲ್ಮೆಟ್ಟು ಹಾಕಿ, ಬೆಂಚಿನವರಿಗೆ ಕೇಳುವಂತೆ ಎರಡು ಸಲ ರೇಸ್ ಕೊಟ್ಟು, ಬೀದಿಯ ತುದಿಯಲ್ಲಿ ತಿರುಗಿ ಮರೆಯಾದ. ಅಪ್ಪ ಮಗಳು ಶೆಡ್ಡಿನ ಬಾಗಿಲಲ್ಲಿ ನಿಂತರು. ಸದ್ದು ಹಿಂದಿನ ರಸ್ತೆಯನ್ನು ಸುತ್ತಿ ಬರುತ್ತಿತ್ತು.

"ಕೇಳು. ಹೆಂಗೆ ಕೂತಿದೆ ನೋಡು," ಎಂದ ಮೇಸ್ತ್ರಿ, ಮುಖ ಮೇಲೆತ್ತಿ.

ಅವಳು ಅಪ್ಪನ ಕೈ ಹಿಡಿದು, ಅಂಗೈ ಬಿಡಿಸಿ, ಲಾಕನ್ನು ಅದರಲ್ಲಿಟ್ಟಳು. ಅವನ ಹೆಬ್ಬೆರಳು ತಂತಿಯ ಸುತ್ತ ಒಮ್ಮೆ ಹೋಗಿ, ಬಾಯಿ ಬಿಟ್ಟ ಕಡೆ ನಿಂತಿತು. ಮತ್ತೊಮ್ಮೆ ಹೋಗಿ ಅಲ್ಲೇ ನಿಂತಿತು. ದೂರದಲ್ಲಿ ಟಿಕ್ ಟಿಕ್ ಶುರುವಾಗಿತ್ತು. ಅದು ಮೊದಲು ಕೇಳಿಸಿದ್ದು ಅವಳಿಗೆ. ಅವಳಿಗೆ ಹೆದರಿಕೆಯಾಯಿತು, ಸಂತೋಷವೂ ಆಯಿತು, ಎರಡನ್ನೂ ಅವಳು ತಡೆಯಲಿಲ್ಲ.

"ನಿಂಗೆ ಗೊತ್ತಿದ್ದೂ..." ಎಂದು ಅಪ್ಪ ಶುರು ಮಾಡಿದ. ಹಿಂದಿನ ರಸ್ತೆಯಲ್ಲಿ ಕಿರ್ರೆಂದು ಒಂದು ಕೂಗು, ಟೈರು ಎಳೆದ ಸದ್ದು, ಆಮೇಲೆ ಏನೂ ಇಲ್ಲ. ಟೀ ಅಂಗಡಿಯಲ್ಲಿ ಯಾರೋ ಲೋಟ ಕೆಳಗಿಟ್ಟರು.

ಬಹಳ ಹೊತ್ತಿನ ಮೇಲೆ ಬೀದಿಯ ತುದಿಯಲ್ಲಿ ಒಬ್ಬ ಮನುಷ್ಯ ಕಾಣಿಸಿಕೊಂಡ. ಬಿಸಿಲಲ್ಲಿ ಬಗ್ಗಿ ಮೋಟಾರ್‌ಸೈಕಲ್ಲನ್ನು ತಳ್ಳಿಕೊಂಡು, ಒಂದು ಕಾಲು ಎಳೆದುಕೊಂಡು ಬರುತ್ತಿದ್ದ. ಪ್ಯಾಂಟು ಮೊಣಕಾಲ ಹತ್ತಿರ ಹರಿದಿತ್ತು. ಹೆಲ್ಮೆಟ್ಟನ್ನು ಮಾತ್ರ ತೆಗೆದಿರಲಿಲ್ಲ.

ಮೇಸ್ತ್ರಿ ಮುಷ್ಟಿ ಬಿಗಿದು, ಕಣ್ಣು ಕಿರಿದು ಮಾಡಿದ. "ಯಾರಮ್ಮ ಅದು ಬರ್ತಿರೋದು?" ಎಂದು ಸಣ್ಣ ದನಿಯಲ್ಲಿ ಕೇಳಿದ.

"ಯಾರೋ ಗಿರಾಕಿ ಅಪ್ಪ," ಎಂದು ಅವಳು ಒಳಗೆ ಹೋಗಿ ಸೀಮೆಎಣ್ಣೆ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡಳು.