ಮಾರಿಗೊಂದು ಗೇಣು ಕಮ್ಮಿ

ಮಾರಜ್ಜ ಎಂದರೆ ಬಂದರಿನಲ್ಲಿ ಎಲ್ಲರಿಗೂ ಗೊತ್ತು. ನಲವತ್ತು ವರ್ಷ ಹಡಗಿನ ಮೂತಿಯಲ್ಲಿ ನಿಂತು, ಸೀಸದ ಗುಂಡು ಕಟ್ಟಿದ ಹಗ್ಗವನ್ನು ನೀರಿಗಿಳಿಸಿ ಆಳ ಕೂಗಿ ಹೇಳಿದವನು. ಎರಡೂ ತೋಳು ಚಾಚಿದರೆ ಈ ಬೆರಳ ತುದಿಯಿಂದ ಆ ಬೆರಳ ತುದಿಗೆ ಒಂದು ಮಾರು. ಪರದೇಶದ ನಾವಿಕರು ಇದೇ ಅಳತೆಗೆ ಇಟ್ಟ ಹೆಸರಿಗೂ ಮೂಲದಲ್ಲಿ ಅಪ್ಪುಗೆ ಎಂದೇ ಅರ್ಥವಂತೆ ಎಂದು ಮಗಳಿಗೆ ಹೇಳುತ್ತಿದ್ದ. ಅಳತೆ ಮಾರು, ಮಾತು ಮೈಲಿ ಎಂದು ಜನ ಗೇಲಿ ಮಾಡುತ್ತಿದ್ದರು.

ಅಳಿಯ ಪ್ರಯಾಣಿಕರ ದೋಣಿಯ ಚಾಲಕ. ಆಳ ತೋರಿಸುವ ಯಂತ್ರ ಕೆಟ್ಟು ಎರಡು ದಿನವಾಗಿತ್ತು, ಹಳೆಯ ಹಗ್ಗ ಲಡ್ಡಾಗಿತ್ತು. ಮಾವ ಕೋಣೆಯ ಬಾಗಿಲು ಹಾಕಿಕೊಂಡು ಹೊಸ ಹಗ್ಗವನ್ನು ತೋಳಲ್ಲಿ ಅಳೆದು, ಮಾರಿಗೊಂದರಂತೆ ಗಂಟು ಹಾಕಿಕೊಟ್ಟ. ಬೆಳಿಗ್ಗೆ ಮಂಜು ಕವಿದಿದ್ದರೂ ದೋಣಿ ಮೂವತ್ತು ಜನರನ್ನು ಹತ್ತಿಸಿಕೊಂಡು ಹೊರಟಿತು; ಆಳ ನೋಡಲು ಖಲಾಸಿಯೊಬ್ಬ ಆ ಹಗ್ಗ ಹಿಡಿದು ಮೂತಿಯಲ್ಲಿ ನಿಂತಿದ್ದ.

ಮಗಳು ದರ್ಜಿ. ಅಪ್ಪನಿಗೊಂದು ಅಂಗಿ ಹೊಲಿಯಲೆಂದು ಟೇಪು ಹಿಡಿದಳು. ಎಡಗೈ ನೆಟ್ಟಗಾಗಲಿಲ್ಲ. ಹಿಂದಿನ ವರ್ಷ ಮೆಟ್ಟಿಲಿಂದ ಬಿದ್ದು ಮುರಿದ ಮೊಣಕೈ ಅದು. ಅವನು ಸದಾ ಕೈಕಟ್ಟಿ ಕೂರುತ್ತಿದ್ದುದರಿಂದ ಅದು ವಾಸಿಯಾಗಿದೆ ಎಂದೇ ಅವಳು ನಂಬಿದ್ದಳು. ತುದಿಯಿಂದ ತುದಿಗೆ ಅಳೆದಳು. ಆರಡಿ ಇರಬೇಕಾದ್ದು ಒಂದು ಗೇಣು ಕಡಿಮೆ ಬಂತು.

"ಅಪ್ಪಾ, ಹಗ್ಗ ಅಳೆದಿದ್ದು ಇದೇ ಕೈಯಲ್ಲೇನಾ?"

ಅವನು ಕೈಯನ್ನು ಹಿಂದಕ್ಕೆಳೆದುಕೊಂಡ. ಬಂಡೆಸಾಲು ದಾಟಲು ದೋಣಿಗೆ ಎರಡು ಮಾರು ನೀರು ಬೇಕೇ ಬೇಕು. ಈ ಹಗ್ಗ ಎರಡು ಮಾರು ಎಂದರೆ ಅಲ್ಲಿರುವುದು ಎರಡು ಗೇಣು ಕಡಿಮೆ.

ಅವಳು ಬಂದರು ಕಚೇರಿಗೆ ಓಡಿದಳು. ಅಪ್ಪ ಏದುಸಿರು ಬಿಡುತ್ತ ಹಿಂದೆಯೇ ಬಂದ. ಗುಮಾಸ್ತ ವೈರ್‌ಲೆಸ್ಸಿನಲ್ಲಿ ದೋಣಿಗೆ ಸಂಪರ್ಕ ಮಾಡಿಕೊಟ್ಟ.

"ರೀ, ದೋಣಿ ನಿಲ್ಸಿ. ಆ ಗಂಟು ನಂಬಬೇಡಿ, ಮಾರಿಗೊಂದು ಗೇಣು ಕಮ್ಮಿ ಇದೆ."

"ಈಗ ತಾನೆ ಖಲಾಸಿ ಎರಡು ಮಾರು ಅಂತ ಕೂಗಿದ ಕಣೇ. ಮಾವನ ಅಳತೆ ಯಾವತ್ತು ತಪ್ಪಿದೆ?"

ಮಾರಜ್ಜ ಬಗ್ಗಿ ತಾನೇ ಮಾತಾಡಿದ. "ತಪ್ಪಿದೆ ಕಣಪ್ಪಾ. ನಂಗೆ ಗೊತ್ತಿತ್ತು. ನಿಲ್ಲಿಸು."

ಆ ಕಡೆಯಿಂದ ಹಲಗೆ ಸೀಳುವ ಸದ್ದು, ಜನರ ಕೂಗು, ಆಮೇಲೆ ಬರೀ ಗರಗರ.

ಬಂದರಿನ ದೋಣಿಗಳೆಲ್ಲ ಹೋದವು. ಮಧ್ಯಾಹ್ನದ ಹೊತ್ತಿಗೆ ಮೂವತ್ತು ಜನರನ್ನೂ ಅಳಿಯನನ್ನೂ ದಡ ಸೇರಿಸಿದರು. ಹಗ್ಗ ಹಿಡಿದು ಮೂತಿಯಲ್ಲಿ ನಿಂತಿದ್ದವನು ಮಾತ್ರ ಸಿಗಲಿಲ್ಲ.

ಅಳಿಯ ಒದ್ದೆ ಬಟ್ಟೆಯಲ್ಲೇ ಬಂದು, "ಕೈಲಾಗಲ್ಲ ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತಲ್ಲ, ಮಾವ" ಎಂದ.

"ನಾಚಿಕೆ ಆಯ್ತು" ಎಂದ ಮುದುಕ.

ವಿಚಾರಣೆಯಲ್ಲಿ ಮಾರಜ್ಜ ಏನನ್ನೂ ಮುಚ್ಚಿಡಲಿಲ್ಲ. ಅಲ್ಲಿಂದ ಮನೆಗೆ ಹೋಗದೆ, ನೀರುಪಾಲಾದವನ ಹೆಂಡತಿಯ ಮನೆಗೆ ಹೋಗಿ ಕದ ತಟ್ಟಿದ. ಅವಳು ತೆರೆಯಲಿಲ್ಲ. ಮರುದಿನವೂ ಹೋದ.